ದೋಣಿ ಇಲ್ಲದೆ ದೋಣಿ ಸೀನ್ ಮಾಡುವುದು ಹೇಗೆ?

ಹೇಮಾವತಿ ದಂಡೆ (ಹಾಸನ):
ನಮ್ಮ ಊರಿನ ಹುಡುಗರು ಮುಂದಿನ ತಿಂಗಳು ಹಾಸನದಲ್ಲಿ ನಾಟಕ ಆಡುತ್ತಿದ್ದೇವೆ. ಅದರಲ್ಲಿ ಅಂಬಿಗನ ದೃಶ್ಯವೇ ಜೀವ. ಹೋದ ಸಲ ಥರ್ಮಾಕೋಲ್ ದೋಣಿ ಮಾಡಿಸಿದ್ದೆವು, ಪಾತ್ರಧಾರಿ ಕಾಲಿಟ್ಟ ತಕ್ಷಣ ಮೂಲೆ ಮುರಿದು, ಕಣ್ಣೀರು ಬರಬೇಕಾದ ಜಾಗದಲ್ಲಿ ಜನ ನಕ್ಕುಬಿಟ್ಟರು. ತುಂಬಾ ಬೇಜಾರಾಯಿತು. ಜಪಾನಿನ ನೋ ನಾಟಕದಲ್ಲಿ ಸೀನರಿ ಇಲ್ಲದೆಯೇ ಆಡುತ್ತಾರಂತೆ, ನಿಜವಾ? ದೋಣಿ ಹೇಗೆ ತೋರಿಸುತ್ತಾರೆ?

ಕಾಫಿ ಹೂವು (ಚಿಕ್ಕಮಗಳೂರು):
ಪೂರ್ತಿ ಖಾಲಿ ಅಲ್ಲ ಸರ್. ಹಿಂದಿನ ಮರದ ಗೋಡೆ ಮೇಲೆ ಒಂದು ದೊಡ್ಡ ಪೈನ್ ಮರದ ಚಿತ್ರ ಇರುತ್ತದೆ. ಕಥೆ ಅರಮನೆಯಲ್ಲಿ ನಡೆಯಲಿ, ಸಮುದ್ರದಲ್ಲಿ ನಡೆಯಲಿ, ಅದೇ ಮರ. ರಂಗ ಸುಮಾರು 6 ಮೀಟರ್ ಚೌಕ, ನಾಲ್ಕು ಮೂಲೆಗೂ ಕಂಬ, ಕಟ್ಟಡದ ಒಳಗಿದ್ದರೂ ಅದಕ್ಕೆ ತನ್ನದೇ ಸೂರು. ಪಕ್ಕದಲ್ಲಿ ಹಶಿಗಕರಿ ಅನ್ನುವ ಸೇತುವೆ, ಪಾತ್ರಗಳು ಅದರ ಮೇಲೆ ನಿಧಾನಕ್ಕೆ ನಡೆದು ಬರುತ್ತವೆ.

ದೋಣಿಗೆ ಬಿದಿರು ಬಗ್ಗಿಸಿ ಅಂಚಿನ ಆಕಾರ ಮಾತ್ರ ಕಟ್ಟಿ ಬಿಳಿ ಬಟ್ಟೆ ಪಟ್ಟಿ ಸುತ್ತುತ್ತಾರೆ. ತಳವೇ ಇಲ್ಲ. ಅಂಬಿಗ ಒಳಗೆ ನಿಂತು ಗಳ ಹಿಡಿದರೆ ಸಾಕು, ಅದು ದೋಣಿ. ಇಂಥವಕ್ಕೆ ತ್ಸುಕುರಿಮೊನೊ ಅಂತಾರೆ, ಪ್ರದರ್ಶನಕ್ಕೆ ಅಂತ ಕಟ್ಟಿ ಆಮೇಲೆ ಬಿಚ್ಚಿಹಾಕುತ್ತಾರೆ. ಮಿಕ್ಕ ಎಷ್ಟೋ ವಸ್ತುಗಳ ಕೆಲಸವನ್ನು ಕೈಯಲ್ಲಿರುವ ಬೀಸಣಿಗೆಯೇ ಮಾಡುತ್ತದೆ. ಒಮ್ಮೆ ಕತ್ತಿ, ಒಮ್ಮೆ ಬಟ್ಟಲು.

ಬಯಲಾಟದ ಮನೆ (ಕೊಪ್ಪ):
ಜಪಾನಿನದೇ ಇನ್ನೊಂದು ನಾಟಕ ಪ್ರಕಾರ ಕಬುಕಿಯನ್ನೂ ಒಮ್ಮೆ ನೋಡಿ, ಅದು ಪೂರ್ತಿ ಬೇರೆ ದಾರಿ. ಅಲ್ಲಿ ಸೀನರಿ ಜಾಸ್ತಿ, 1758ರಲ್ಲೇ ಒಸಾಕಾದಲ್ಲಿ ನಾಟಕಕಾರ ನಮಿಕಿ ಶೋಝೋ ತಿರುಗುವ ರಂಗ ತಂದಿದ್ದ. ನಿಮಗೆ ಬೇಕಾದ್ದು ಅದಲ್ಲ, ಕುರೊಗೊ. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹಾಕಿ, ಜನರ ಕಣ್ಣೆದುರೇ ಸಾಮಾನು ತಂದಿಟ್ಟು ತೆಗೆದುಕೊಂಡು ಹೋಗುವವರು. ಕಪ್ಪು ಅಂದರೆ ಕಾಣಿಸುವುದಿಲ್ಲ ಅಂತ ಲೆಕ್ಕ. ಹಿಮದ ದೃಶ್ಯದಲ್ಲಿ ಬಿಳಿ, ಸಮುದ್ರಕ್ಕೆ ನೀಲಿ. ನಮ್ಮ ಯಕ್ಷಗಾನದಲ್ಲೂ ತೆರೆ ಹಿಡಿದು ನಿಂತ ಇಬ್ಬರನ್ನು ಯಾರು ನೋಡುತ್ತಾರೆ ಹೇಳಿ? ನೋಡುವುದೆಲ್ಲ ತೆರೆಯ ಮೇಲೆ ಕಾಣುವ ಕಿರೀಟವನ್ನೇ ಅಲ್ವಾ.

ಹೇಮಾವತಿ ದಂಡೆ (ಹಾಸನ):
ಇಬ್ಬರಿಗೂ ಧನ್ಯವಾದ. ನಿನ್ನೆ ಸಂಜೆ ಬಿದಿರು ಸೀಳಿ, ಹಳೇ ಪಂಚೆ ಹರಿದು ಸುತ್ತಿ ಕಟ್ಟಿದೆವು. ಅಂಬಿಗನ ಪಾತ್ರದ ಹುಡುಗ ಒಳಗೆ ನಿಂತು ಗಳ ಊರಿ ಸುಮ್ನೆ ಸ್ವಲ್ಪ ಮೈ ವಾಲಿಸಿದ ನೋಡಿ, ಕೂತಿದ್ದ ನಾವೆಲ್ಲ ಆ ಕಡೆಗೇ ವಾಲಿದೆವು. ಹಿಂದಿನ ನದಿಯ ಪರದೆ ಬಾಡಿಗೆಗೆ ಹೇಳಿದ್ದೆ, ಇವತ್ತು ಬೆಳಗ್ಗೆ ಫೋನ್ ಮಾಡಿ ಬೇಡ ಅಂದೆ.