ಬ್ಲೌಸ್ ಕೋರ್ಸಿಗೆ ಎಐ ಚಿತ್ರ, ವಿಡಿಯೋ: ಎಲ್ಲಿ ಹಾಕಬಹುದು, ಎಲ್ಲಿ ಬೇಡ?

ಪ್ರಶ್ನೆ (ಹೊಲಿಗೆ ಟೀಚರ್, ತಿಪಟೂರು):
ನಮಸ್ತೆ ಮೇಡಂ. ಹದಿನಾಲ್ಕು ವರ್ಷದಿಂದ ಮನೆಯಲ್ಲೇ ಹೊಲಿಗೆ ಕ್ಲಾಸ್ ನಡೆಸುತ್ತಿದ್ದೇನೆ. ಈಗ ಬ್ಲೌಸ್ ಕಟಿಂಗ್, ಸ್ಟಿಚಿಂಗ್ ಆನ್‌ಲೈನ್ ಕೋರ್ಸ್ ಮಾಡೋಣ ಅಂತ ಹೊರಟಿದ್ದೇನೆ, ಒಟ್ಟು 20 ಪಾಠ. ಮಗ ಹೇಳಿದ, ಅಮ್ಮಾ ಶೂಟಿಂಗ್ ಗೀಟಿಂಗ್ ಯಾಕೆ, ಎಲ್ಲಾ ಎಐನಲ್ಲೇ ಮಾಡಿಬಿಡೋಣ ಅಂತ. ಅವನು ಮಾಡಿಕೊಟ್ಟ ಮೂರು ಚಿತ್ರ, ಎಂಟು ಸೆಕೆಂಡಿನ ಒಂದು ವಿಡಿಯೋ ಇಲ್ಲಿ ಹಾಕಿದ್ದೇನೆ. ನೋಡೋಕೆ ತುಂಬಾ ಚೆನ್ನಾಗಿವೆ, ಆದರೆ ನನಗೆ ಯಾಕೋ ಕಸಿವಿಸಿ. ಹೀಗೇ ಮುಂದುವರಿಸಬಹುದಾ?

ಉತ್ತರ (ಆನ್‌ಲೈನ್ ಕೋರ್ಸ್ ಡಿಸೈನರ್, ಬೆಂಗಳೂರು):
ನಿಮ್ಮ ಕಸಿವಿಸಿ ಸರಿಯಾಗೇ ಇದೆ ಅಕ್ಕಾ. ಎರಡನೇ ಚಿತ್ರವನ್ನು ದೊಡ್ಡದು ಮಾಡಿ ಟೇಪು ನೋಡಿ. 5 ಆದ ಮೇಲೆ 8 ಬಂದಿದೆ, ಆಮೇಲೆ ಮತ್ತೆ 6. ಡ್ರಾಫ್ಟಿಂಗ್ (ಅಳತೆ ಹಾಕಿ ಗೆರೆ ಎಳೆಯುವ) ಚಿತ್ರದಲ್ಲಿ ಎದೆ ಸುತ್ತಳತೆ 36 ಅಂತ ಇದೆ, ಅದರ ನಾಲ್ಕನೇ ಒಂದು ಭಾಗ 9 ಆಗಬೇಕು, ಅಲ್ಲಿ ಬರೆದಿರುವುದು 14. ಪಕ್ಕದಲ್ಲಿರುವ ಬರಹ ದೂರದಿಂದ ಕನ್ನಡದ ಹಾಗೇ ಕಾಣುತ್ತದೆ, ಹತ್ತಿರ ಹೋದರೆ ಒಂದು ಅಕ್ಷರವೂ ನಮ್ಮದಲ್ಲ. ವಿಡಿಯೋ ಇನ್ನೂ ಮಜಾ. ಸೂಜಿಯಲ್ಲಿ ದಾರವೇ ಇಲ್ಲ, ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಮೇಲೆತ್ತಿದೆ, ಆದರೂ ಹೊಲಿಗೆ ತಾನಾಗೇ ಬೀಳುತ್ತಾ ಹೋಗುತ್ತಿದೆ!

ಮಗನ ತಪ್ಪೇನಿಲ್ಲ. ಈ ಟೂಲ್‌ಗಳು ಕೋಟಿಗಟ್ಟಲೆ ಚಿತ್ರ ನೋಡಿ, ಯಾವ ವಸ್ತು ನೋಡೋಕೆ ಹೇಗಿರುತ್ತದೆ ಅನ್ನುವುದನ್ನು ಕಲಿತಿವೆ. ಟೇಪಿನಲ್ಲಿ ಅಂಕಿ ಇರುತ್ತವೆ ಅಂತ ಅವಕ್ಕೆ ಗೊತ್ತು, ಆ ಅಂಕಿ ಹಿಡಿದು ಅಳತೆ ತೆಗೆಯುವುದು ಗೊತ್ತಿಲ್ಲ.

ಹಾಗಾಗಿ ಪ್ರತಿ ಚಿತ್ರದ ಮುಂದೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ನೋಡಿಕೊಂಡು ಕಲಿಯುವವಳು ಬಟ್ಟೆಗೆ ಕತ್ತರಿ ಹಾಕುತ್ತಾಳಾ? ಹೌದು ಅಂದರೆ ಎಐ ಬೇಡ, ನಿಮ್ಮ ಕೈ, ನಿಮ್ಮ ಚಾಕ್‌ಪೀಸ್, ನಿಮ್ಮ ಫೋನ್ ಕ್ಯಾಮೆರಾ ಸಾಕು. ಆರ್ಮ್‌ಹೋಲ್ ಶೇಪ್, ಟಕ್ಸ್ ಹಿಡಿಯುವುದು, ಕ್ರಾಸ್ ಪೀಸ್ ಕತ್ತರಿಸುವುದು, ಹುಕ್ ಪಟ್ಟಿ ಎಲ್ಲವೂ ಇದಕ್ಕೇ ಸೇರುತ್ತವೆ. ಕತ್ತರಿ ಹಾಕುವುದಿಲ್ಲ ಅಂದರೆ ಎಐ ಧಾರಾಳವಾಗಿ ಬಳಸಿ. ಕೋರ್ಸಿನ ಮುಖಪುಟ, ಪಾಠದ ಶುರುವಿನ ಚಿತ್ರ, ಒಂದೇ ಬ್ಲೌಸು ಐದು ಬಣ್ಣದ ಸೀರೆ ಜೊತೆ ಹೇಗೆ ಕಾಣುತ್ತದೆ ಅನ್ನುವ ಐಡಿಯಾ, ಇಂಥವು. ಗಿರಾಕಿ ಬಂದು "ಕಂಕುಳಲ್ಲಿ ಬಿಗಿ ಆಗಿದೆ" ಅಂದಾಗ ಏನು ಹೇಳಬೇಕು ಅನ್ನುವ ಪಾಠ ಇದ್ದರೆ ಅದಕ್ಕೊಂದು ಕಾರ್ಟೂನ್ ದೃಶ್ಯ ಮಾಡಿಸಿ, ಚೆನ್ನಾಗಿರುತ್ತದೆ.

ಅಲ್ಲೂ ಸ್ವಲ್ಪ ಕೈ ಬಿಗಿ ಇರಲಿ. ರಿಚರ್ಡ್ ಮೇಯರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಚಿತ್ರ, ಮಾತು, ಬರಹ ಸೇರಿಸಿ ಕಲಿಸುವುದರ ಬಗ್ಗೆ ದಶಕಗಳ ಕಾಲ ಪ್ರಯೋಗ ಮಾಡಿದ್ದಾರೆ. ಪಾಠಕ್ಕೆ ಸಂಬಂಧವಿಲ್ಲದ್ದನ್ನು ಅಂದಕ್ಕೆ ಅಂತ ತುಂಬಿಸಿದರೆ ಕಲಿಕೆ ಕಡಿಮೆ ಆಗುತ್ತದೆ ಅನ್ನುವುದು ಅವರು ಕಂಡುಕೊಂಡದ್ದರಲ್ಲಿ ಒಂದು. ಮೊದಲು ಒಂದು ಚಿತ್ರ ಮಾಡಿಸಲು ದುಡ್ಡು ಕೊಡಬೇಕಿತ್ತು, ಬೇಕಾ ಬೇಡವಾ ಅಂತ ಯೋಚಿಸುತ್ತಿದ್ದೆವು. ಈಗ ನಿಮಿಷಕ್ಕೆ ನಾಲ್ಕು ಬರುತ್ತವೆ, ಬಂದದ್ದನ್ನೆಲ್ಲ ಸುಮ್ನೆ ಅಂಟಿಸುತ್ತಾ ಹೋಗುತ್ತೇವೆ.

ಪ್ರಶ್ನೆ ಕೇಳಿದವರು:
ಅಯ್ಯೋ, ಟೇಪು ನಾನು ನೋಡೇ ಇರಲಿಲ್ಲ ಮೇಡಂ. ಸರಿ, ನಾನೇ ಶೂಟ್ ಮಾಡುತ್ತೇನೆ. ಆದರೆ ನನ್ನ ಹತ್ತಿರ ಇರುವುದು ಫೋನ್ ಒಂದೇ. ಮತ್ತೆ ಚಿತ್ರಕ್ಕೆ ಕನ್ನಡ ಅಕ್ಷರ ಬೇಕೇ ಬೇಕಲ್ಲ, ಹೇಗೆ?

ಉತ್ತರ:
ಫೋನ್ ಸಾಕು. ಒಂದು ಸ್ಟ್ಯಾಂಡಿಗೆ ಕಟ್ಟಿ ಕಟಿಂಗ್ ಟೇಬಲ್ ಮೇಲೆ ನೇರ ಕೆಳಗೆ ನೋಡುವ ಹಾಗೆ ಇಡಿ. ಎದುರಿಂದ ತೆಗೆದರೆ ನೋಡುವವರಿಗೆ ಎಡ ಬಲ ಅದಲುಬದಲಾಗಿ ತಲೆ ಕೆಡುತ್ತದೆ. ಬಟ್ಟೆ ಪ್ಲೇನ್ ಇರಲಿ, ಪ್ರಿಂಟ್ ಬೇಡ. ಬಿಳಿ ಬಟ್ಟೆಗೆ ಕೆಂಪು ದಾರ ಹಾಕಿ, ಮ್ಯಾಚಿಂಗ್ ದಾರ ಹಾಕುವ ಅಭ್ಯಾಸವನ್ನು ಕ್ಯಾಮೆರಾ ಮುಂದೆ ಮರೆತುಬಿಡಿ. ಬೆಳಿಗ್ಗೆ ಕಿಟಕಿ ಬೆಳಕಲ್ಲಿ ತೆಗೆದರೆ ಸಾಕು, ನಿಮ್ಮ ಕೈ ನೆರಳು ಗುರುತಿನ ಮೇಲೆ ಬೀಳದಂತೆ ಕಿಟಕಿ ಎಡಕ್ಕೆ ಇರಲಿ, ಎಡಗೈಯವರಾದರೆ ಬಲಕ್ಕೆ.

ವಿಡಿಯೋ ಚಿಕ್ಕದಿರಲಿ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕೆ ತಾಣದ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು, ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೋಗಳನ್ನೇ ಜನ ಹೆಚ್ಚು ಗಮನ ಕೊಟ್ಟು ನೋಡುತ್ತಾರೆ ಅಂತ. ಅದು ಕಾಲೇಜು ಪಾಠಗಳ ಲೆಕ್ಕ, ಹೊಲಿಗೆಗೆ ಹಾಗೇ ಹಚ್ಚಬೇಕಿಲ್ಲ. ಆದರೆ ತೋಳು ಕೂರಿಸುವುದು ಒಂದು ತುಂಡು, ಪೈಪಿಂಗ್ ಒಂದು ತುಂಡು ಅಂತ ಮಾಡಿದರೆ ಅವರು ಮಷೀನ್ ಮುಂದೆ ಕೂತು ಬೇಕಾದ್ದನ್ನು ಮಾತ್ರ ಮತ್ತೆ ಮತ್ತೆ ನೋಡಬಹುದು.

ಅಕ್ಷರಕ್ಕೆ ಉಪಾಯ ಸುಲಭ. ಎಐಗೆ "ಬರಹ ಯಾವುದೂ ಬೇಡ" ಅಂತಲೇ ಹೇಳಿ ಖಾಲಿ ಚಿತ್ರ ತೆಗೆಸಿ, ಆಮೇಲೆ ಕ್ಯಾನ್ವಾ ಅನ್ನುವ ಡಿಸೈನ್ ಆ್ಯಪಿನಲ್ಲಿ ನೀವೇ ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮ ಫಾಂಟ್ ಹಾಕಿ, ಎರಡೂ ಉಚಿತ. ಹೊಸ ಟೂಲ್‌ಗಳು ಕನ್ನಡ ಬರೆಯುವುದರಲ್ಲಿ ಸುಧಾರಿಸುತ್ತಿವೆ, ಆದರೂ ಒತ್ತಕ್ಷರ ಬಂದ ಕಡೆ ಕಣ್ಣಿಡಿ. "ಸುತ್ತಳತೆ" ಒಂದೇ ಸಾಕು ಅದರ ಬಣ್ಣ ಬಯಲು ಮಾಡೋಕೆ.

ಇನ್ನೊಂದು, ಇದು ನಾನೇ ಬಿದ್ದ ಗುಂಡಿ. ಒಂದು ಕೋರ್ಸಿಗೆ ಹಸಿರು ಸೀರೆಯ ಟೀಚರ್ ಪಾತ್ರ ಮಾಡಿಸಿದ್ದೆ. ಮೂರನೇ ಪಾಠಕ್ಕೆ ಬರುವಷ್ಟರಲ್ಲಿ ಮುಖವೇ ಬೇರೆ, ಐದನೆಯದರಲ್ಲಿ ಸೆರಗು ಬಲ ಭುಜಕ್ಕೆ ಹೋಗಿತ್ತು. ಕಲಿಯುವವರು ಪಾಠ ಬಿಟ್ಟು ಅದನ್ನೇ ಕೇಳಿದರು. ಮೊದಲ ಚಿತ್ರವನ್ನೇ ಮಾದರಿಯಾಗಿ ಕೊಟ್ಟು ಮುಂದಿನದನ್ನು ಮಾಡಿಸಬೇಕು, ಪ್ರತಿ ಸಲ ಹೊಸದಾಗಿ ವರ್ಣಿಸಬಾರದು.

ಇನ್ನೊಬ್ಬರು (ಹೈಸ್ಕೂಲ್ ವಿಜ್ಞಾನ ಶಿಕ್ಷಕ, ಹಾವೇರಿ):
ಮೇಡಂ, ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಹೃದಯದ ಚಿತ್ರ ಎಐನಲ್ಲಿ ಮಾಡಿಸಿದೆ, ಇಲ್ಲಿ ಹಾಕಿದ್ದೇನೆ. ನೋಡೋಕೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿದೆ. ಸರಿ ಇದೆಯಾ ಅಂತ ಹೇಗೆ ಗೊತ್ತಾಗಬೇಕು?

ಉತ್ತರ:
ಸರ್, 2024ರ ಫೆಬ್ರವರಿಯಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಮಿಡ್‌ಜರ್ನಿ ಅನ್ನುವ ಎಐ ಟೂಲ್‌ನಿಂದ ಮಾಡಿಸಿದ ಇಲಿಯ ಚಿತ್ರ ಅಚ್ಚಾಯಿತು. ಅಂಗಾಂಗದ ಅಳತೆ ನಗೆಪಾಟಲು, ಹೆಸರುಗಳು ಯಾವ ಭಾಷೆಯಲ್ಲೂ ಇಲ್ಲದವು. ಒಬ್ಬ ವಿಮರ್ಶಕರು ಚಿತ್ರಗಳ ಬಗ್ಗೆ ಆಕ್ಷೇಪ ಎತ್ತಿದ್ದರೂ ಅದು ಹಾಗೇ ದಾಟಿ ಹೋಗಿತ್ತು, ಓದುಗರು ಆಡಿಕೊಂಡ ಮೇಲೆ ಕೆಲವೇ ದಿನದಲ್ಲಿ ಲೇಖನ ವಾಪಸ್ ಪಡೆದರು. ಅಲ್ಲೇ ಹಾಗಾದರೆ ಒಂಬತ್ತನೇ ಕ್ಲಾಸಿನ ಮಕ್ಕಳು ಎಲ್ಲಿ ಹಿಡಿದಾರು? ನಿಮ್ಮ ಚಿತ್ರದಲ್ಲಿ ಮಹಾಪಧಮನಿ ಯಾವ ಕೋಣೆಯಿಂದ ಹೊರಡುತ್ತಿದೆ ಅಂತ ಬೆರಳಿಟ್ಟು ನೋಡಿ. ನನಗೆ ಕಂಡಂತೆ ಬಲ ಹೃತ್ಕುಕ್ಷಿಯಿಂದ, ಹೊರಡಬೇಕಾದ್ದು ಎಡದಿಂದ.

ವಿಕಿಮೀಡಿಯಾ ಕಾಮನ್ಸ್ ಅನ್ನುವ ಉಚಿತ ಚಿತ್ರಗಳ ತಾಣದಲ್ಲಿ ಗೊತ್ತಿರುವವರು ಬರೆದ ಚಿತ್ರಗಳಿವೆ. ಎಸ್‌ವಿಜಿ ಫೈಲ್ (ಗೆರೆ, ಅಕ್ಷರ ತಿದ್ದಲು ಬರುವ ಚಿತ್ರ) ಸಿಕ್ಕರೆ ಇಂಕ್‌ಸ್ಕೇಪ್ ಅನ್ನುವ ಉಚಿತ ಚಿತ್ರ ತಂತ್ರಾಂಶದಲ್ಲಿ ತೆರೆದು ಇಂಗ್ಲಿಷ್ ಹೆಸರು ಅಳಿಸಿ ಕನ್ನಡ ಹಾಕಿ. ಲೈಸೆನ್ಸ್ ಕೇಳಿದ ಕಡೆ ಬರೆದವರ ಹೆಸರು ಕೊಡಿ.

ಪ್ರಶ್ನೆ ಕೇಳಿದವರು:
ಕೊನೆಗೆ ಎರಡು ಮೇಡಂ. ಜಾಹೀರಾತಿಗೆ ಎಐ ಮದುಮಗಳು, ಮೈತುಂಬ ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಬ್ಲೌಸ್ ಹಾಕಬಹುದಾ? ನನ್ನ ವಿದ್ಯಾರ್ಥಿನಿಯರ ಫೋಟೋ ಕೊಟ್ಟು ಅವರೇ ಮಾಡೆಲ್ ಆದ ಹಾಗೆ ಮಾಡಿಸಬಹುದಾ?

ಉತ್ತರ:
ಆರಿ ವರ್ಕ್ ನಿಮ್ಮ 20 ಪಾಠದಲ್ಲಿ ಇದೆಯಾ? ಇಲ್ಲ ಅಲ್ವಾ. ಹಾಗಿದ್ದರೆ ಆ ಮದುಮಗಳು ಬೇಡ. ಅದನ್ನು ನೋಡಿ ದುಡ್ಡು ಕಟ್ಟಿದವರು ಬಂದು ಕೇಳುವುದು ಅದನ್ನೇ. ಹಳೆಯ ವಿದ್ಯಾರ್ಥಿನಿಯರು ನಿಜವಾಗಿ ಹೊಲಿದ ಬ್ಲೌಸು ಹ್ಯಾಂಗರಿಗೆ ಹಾಕಿ ಫೋಟೋ ತೆಗೆಯಿರಿ, ಸ್ವಲ್ಪ ಸೊಟ್ಟ ಇದ್ದರೂ ನಡೆಯುತ್ತದೆ. ಯೂಟ್ಯೂಬಿಗೆ ಹಾಕುವುದಾದರೆ, ನಿಜದ ಹಾಗೆ ಕಾಣುವ ವಿಡಿಯೋ ಆದರೆ ಅದು ಎಐ ಅಂತ ಅಪ್‌ಲೋಡ್ ಮಾಡುವಾಗಲೇ ತಿಳಿಸಬೇಕು, 2024ರಿಂದ ಆ ನಿಯಮ ಇದೆ. ಕಾರ್ಟೂನಿಗೆ ಬೇಕಿಲ್ಲ.

ಫೋಟೋ ವಿಷಯ ನಾನು ಕಟ್ಟುನಿಟ್ಟು. ಹೆಣ್ಣುಮಕ್ಕಳ ಫೋಟೋವನ್ನು ಯಾವುದೋ ಆ್ಯಪಿಗೆ ಹಾಕಿ ಮೈಕಟ್ಟು, ಬಟ್ಟೆ ಬದಲಿಸುವುದು ಬೇಡವೇ ಬೇಡ. ಬೇರೆ ಕೆಲಸಕ್ಕೆ ಫೋಟೋ ಬಳಸುವುದಾದರೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ. 2023ರ ವೈಯಕ್ತಿಕ ಡೇಟಾ ಕಾಯ್ದೆ ಪ್ರಕಾರ 18 ತುಂಬದವರಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು.

ಪ್ರಶ್ನೆ ಕೇಳಿದವರು:
ಸರಿ ಮೇಡಂ. ಇವತ್ತು ಬೆಳಿಗ್ಗೆಯೇ ಟಕ್ಸ್ ಪಾಠ ಶೂಟ್ ಮಾಡಿದೆ, ನಾಲ್ಕು ನಿಮಿಷ. ಚಿತ್ರ ಚೆನ್ನಾಗಿ ಬಂದಿದೆ, ಆದರೆ ಪೂರ್ತಿ ಬಳೆ ಸದ್ದು. ನನ್ನ ಮಾತು ಕೇಳಿಸುತ್ತಲೇ ಇಲ್ಲ. ಈ ಸದ್ದು ತೆಗೆಯೋಕೆ ಎಐ ಇದೆಯಾ?

ಉತ್ತರ:
ಇದೆ, ಆದರೆ ನಿಮ್ಮ ದನಿಯನ್ನೂ ಅರ್ಧ ಕೊರೆದುಬಿಡುತ್ತದೆ. ವಿಡಿಯೋದ ಸದ್ದು ಮ್ಯೂಟ್ ಮಾಡಿ, ಸಂಜೆ ಅದನ್ನು ನೋಡುತ್ತಾ ಬೇರೆಯಾಗಿ ಮಾತು ರೆಕಾರ್ಡ್ ಮಾಡಿ. ಮುಂದಿನ ಪಾಠಕ್ಕೆ ಬಳೆಯನ್ನು ಮೊಣಕೈ ಕಡೆ ಏರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ ಅಕ್ಕಾ.