ಶಾಲಾ ಸಂಸತ್ತಿನ ಚುನಾವಣೆ ಮುಗಿಯಿತು, ಸಭೆಯಲ್ಲಿ ಮಕ್ಕಳು ಬಾಯಿ ಬಿಡುತ್ತಿಲ್ಲ

ಪ್ರಶ್ನೆ: ಶಿಕ್ಷಕಿ, ಶಿರಾ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಶಾಲಾ ಸಂಸತ್ತಿನ ಹೊಣೆಯನ್ನು ಮುಖ್ಯ ಶಿಕ್ಷಕರು ನನಗೆ ವಹಿಸಿದ್ದಾರೆ. ಚುನಾವಣೆಯನ್ನು ಮನಸ್ಸಿಟ್ಟು ನಡೆಸಿದೆವು. ನಾಮಪತ್ರ, ಚಿಹ್ನೆ, ಪ್ರಚಾರ, ಮೊಬೈಲಿನಲ್ಲೇ ಮತಯಂತ್ರ, ಬೆರಳಿಗೆ ಶಾಯಿ, ಕೊನೆಗೆ ಪ್ರಮಾಣವಚನ ಎಲ್ಲವೂ ಆಯಿತು. ಸೋತ ಹುಡುಗನೂ ಗೆದ್ದವಳಿಗೆ ಹೂವು ಕೊಟ್ಟು ಕೈಕುಲುಕಿದ.

ಆಮೇಲಿನದೇ ನನ್ನ ಚಿಂತೆ. ಮೊದಲ ಸಭೆಯಲ್ಲಿ ಮುಖ್ಯಮಂತ್ರಿ ಧನ್ಯವಾದ ಹೇಳಿ ಕುಳಿತಳು. ಉಳಿದ ಮಂತ್ರಿಗಳು ಒಬ್ಬರ ಮುಖ ಒಬ್ಬರು ನೋಡಿದರು. "ಏನಾದರೂ ಸಮಸ್ಯೆ ಇದೆಯೇ?" ಎಂದರೆ "ಇಲ್ಲ ಮಿಸ್" ಎಂದು ಒಕ್ಕೊರಲಿನ ಉತ್ತರ. ಅದೇ ಮಕ್ಕಳು ಸಭೆ ಮುಗಿಸಿ ಜಗಲಿಗೆ ಬಂದೊಡನೆ ಸಾಂಬಾರಿನ ಬಗ್ಗೆ, ಬೀರುವಿನಲ್ಲಿ ಬೀಗ ಹಾಕಿಟ್ಟ ವಾಲಿಬಾಲಿನ ಬಗ್ಗೆ ಗೊಣಗುವುದನ್ನು ನಾನೇ ಕೇಳಿಸಿಕೊಂಡೆ. ಸಹೋದ್ಯೋಗಿಯೊಬ್ಬರು "ಹೆಚ್ಚು ಸಲುಗೆ ಕೊಡಬೇಡಿ, ತಲೆಯ ಮೇಲೆ ಕೂರುತ್ತಾರೆ" ಎನ್ನುತ್ತಾರೆ. ಸಂಸತ್ತನ್ನು ನಿಜವಾಗಿ ನಡೆಸಿದವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಉತ್ತರ: ನಿವೃತ್ತ ಮುಖ್ಯ ಶಿಕ್ಷಕಿ, ಕುಂದಾಪುರ

ಮೇಡಂ, ಜಗಲಿಯಲ್ಲಿ ಗೊಣಗುವ ಮಕ್ಕಳು ನಿಮ್ಮಲ್ಲಿದ್ದಾರೆ ಎನ್ನುವುದೇ ದೊಡ್ಡ ಆಸ್ತಿ. ಆ ಮಾತನ್ನು ಸಭೆಯೊಳಕ್ಕೆ ತರುವುದಷ್ಟೇ ಬಾಕಿ.

ಸಮಸ್ಯೆ ಏನೆಂದು ಟೀಚರ್ ಕೇಳಿದರೆ ಯಾರ ಮೇಲೋ ದೂರು ಹೇಳಬೇಕು ಎಂದು ಮಕ್ಕಳು ಅಂಜುತ್ತಾರೆ. ಅಡುಗೆಯವರು ನಾಳೆ ಮುಖ ಗಂಟಿಕ್ಕಿದರೆ? ಸರ್ ಹೆಸರು ಹಿಡಿದು ಕರೆದರೆ? ಅದಕ್ಕೇ ನಾನು ಪ್ರತಿ ಮಂತ್ರಿಗೂ "ಈ ವಾರ ಶಾಲೆಯಲ್ಲಿ ನೀನು ಕಣ್ಣಾರೆ ಕಂಡದ್ದು ಒಂದನ್ನು ತಾ" ಎಂದು ಮುಂಚೆಯೇ ಹೇಳಿರುತ್ತಿದ್ದೆ. ಕಂಡದ್ದನ್ನು ಹೇಳುವುದಕ್ಕೆ ಮಕ್ಕಳಿಗೆ ಭಯವಿಲ್ಲ.

ಒಂದು ಸಲ ಆರೋಗ್ಯ ಮಂತ್ರಿ, ಆರನೆಯ ತರಗತಿಯ ಹುಡುಗಿ, ಎದ್ದು ನಿಂತು "ಹೆಣ್ಣುಮಕ್ಕಳ ನೀರಿನ ಬಾಟಲಿ ಸಂಜೆಯವರೆಗೂ ತುಂಬಿಯೇ ಇರುತ್ತದೆ" ಎಂದಳು. ನೀರಿನ ರುಚಿ ಸರಿಯಿಲ್ಲವೇನೋ, ಫಿಲ್ಟರ್ ತೊಳೆಸೋಣ ಎಂದು ನಾವು ಶಿಕ್ಷಕರು ಮಾತಾಡಿಕೊಂಡೆವು. ಅವಳು ಅಲ್ಲವೆಂದು ತಲೆಯಾಡಿಸಿದಳು, ಕಾರಣ ಮಾತ್ರ ಎಲ್ಲರೆದುರು ಹೇಳಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಶೌಚಾಲಯದ ಬಳಿ ಕರೆದುಕೊಂಡು ಹೋದಳು. ಬಾಗಿಲಿನ ಕೆಳಗಿನ ಚಿಲಕ ತುಕ್ಕು ಹಿಡಿದು ಕಳಚಿಹೋಗಿತ್ತು. ಮೇಲಿನ ಚಿಲಕ ದೊಡ್ಡವರ ಎತ್ತರದಲ್ಲಿತ್ತು, ಚಿಕ್ಕವರಿಗೆ ಎಟುಕುತ್ತಿರಲಿಲ್ಲ. ಒಬ್ಬಳು ಒಳಗೆ ಹೋದರೆ ಗೆಳತಿ ಹೊರಗೆ ಬಾಗಿಲು ಎಳೆದು ಹಿಡಿದು ನಿಲ್ಲಬೇಕು. ಗೆಳತಿ ಶಾಲೆಗೆ ಬಾರದ ದಿನ ಶೌಚಾಲಯಕ್ಕೆ ಹೋಗುವಂತಿಲ್ಲ, ಹಾಗಾಗಿ ನೀರನ್ನೂ ಕುಡಿಯುವಂತಿಲ್ಲ. ಹೆಣ್ಣುಮಕ್ಕಳೆಲ್ಲರಿಗೂ ಇದು ಗೊತ್ತಿತ್ತು. ಸಿಬ್ಬಂದಿಗೆ ಬೇರೆ ಶೌಚಾಲಯ ಇದ್ದುದರಿಂದ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರೊಬ್ಬರು ಬಡಗಿ ಕೆಲಸ ಬಲ್ಲವರು. ಅವರು ಬಂದು, ಎರಡನೆಯ ತರಗತಿಯ ಮಗುವೊಂದನ್ನು ಬಾಗಿಲ ಬಳಿ ನಿಲ್ಲಿಸಿ, ಅದರ ಕೈ ಎಟುಕುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ ಚಿಲಕ ಕೂರಿಸಿದರು. ಯಾವ ತಪಾಸಣಾ ವರದಿಯಲ್ಲೂ ಈ ಕೊರತೆ ಬಂದಿರಲಿಲ್ಲ. ಶೌಚಾಲಯ ಇದೆಯೇ, ಇದೆ, ಎಂದು ಗುರುತು ಹಾಕಿ ಹೋಗುತ್ತಿದ್ದರು.

ಇನ್ನೊಂದು ಮಾತು. ಮಕ್ಕಳು ಹೇಳಿದ್ದಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಸಭೆಗೆ ಮೌನವೇ ಗತಿ. ನಾವು ಒಂದು ಉದ್ದನೆಯ ನಡಾವಳಿ ಪುಸ್ತಕ ಇಟ್ಟಿದ್ದೆವು. ಎಡಪುಟದಲ್ಲಿ ಮಕ್ಕಳೇ ತಮ್ಮ ಅಕ್ಷರದಲ್ಲಿ ಬೇಡಿಕೆ ಬರೆಯುವುದು. ಬಲಪುಟ ಶಾಲೆಯ ಪಾಲು: ಯಾರು ಮಾಡುತ್ತಾರೆ, ಯಾವ ದಿನಾಂಕದೊಳಗೆ, ಆಗದಿದ್ದರೆ ಏಕೆ ಆಗದು. ಕೆಳಗೆ ಮುಖ್ಯ ಶಿಕ್ಷಕರ ಸಹಿ. ಜಾರುಬಂಡಿ ಬೇಕೆಂದು ಬರೆದಾಗ "ಈ ವರ್ಷದ ಶಾಲಾ ಅನುದಾನದಲ್ಲಿ ಆಗದು, ಹಣ ಸುಣ್ಣಬಣ್ಣ ಮತ್ತು ವಿದ್ಯುತ್ ದುರಸ್ತಿಗೆ ಹೋಗಿದೆ" ಎಂದು ಲೆಕ್ಕ ಸಮೇತ ಬರೆದೆ. ಮಕ್ಕಳು ಅತ್ತು ಕರೆದು ಮಾಡಲಿಲ್ಲ. ಹಾಗಾದರೆ ಪಂಚಾಯಿತಿಯನ್ನು ಕೇಳೋಣ ಎಂದು ಮಕ್ಕಳ ಗ್ರಾಮ ಸಭೆಗೆ ಆ ಬೇಡಿಕೆಯನ್ನೇ ಒಯ್ದರು. ಪಿಡಿಒ ಎದುರು ನಿಂತು ಮಾತಾಡಿದ ಹುಡುಗ ನಮ್ಮ ತರಗತಿಯಲ್ಲಿ ಓದಲು ಎದ್ದರೆ ಬೆವರುತ್ತಿದ್ದವನು.

ಸಲುಗೆಯ ಮಾತಿಗೆ ಬರುತ್ತೇನೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ನೀಡಿದೆ. ತನಗೆ ಸಂಬಂಧಿಸಿದ ಎಲ್ಲ ವಿಷಯದಲ್ಲೂ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದರ ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕಂತೆ ಆ ಮಾತಿಗೆ ಬೆಲೆ ಕೊಡಬೇಕು ಎನ್ನುತ್ತದೆ ಅದರ 12ನೆಯ ವಿಧಿ. ಕೇಳಿದ್ದನ್ನೆಲ್ಲ ಕೊಡಿ ಎಂದು ಅದು ಹೇಳುವುದಿಲ್ಲ. ನಿಮ್ಮ ಸಹೋದ್ಯೋಗಿಗೆ ಇದನ್ನು ತಿಳಿಸಿ.

ನಮ್ಮ ಈ ತಾಲ್ಲೂಕಿನಲ್ಲೇ 1995ರಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಅದಕ್ಕೂ ಮೊದಲೇ ದುಡಿಯುವ ಮಕ್ಕಳು ಭೀಮ ಸಂಘ ಕಟ್ಟಿಕೊಂಡಿದ್ದರು. ಮಕ್ಕಳೇ ಮತ ಹಾಕಿ ಆರಿಸಿದ ಸದಸ್ಯರು ದೊಡ್ಡವರ ಪಂಚಾಯಿತಿಯೆದುರು ಊರಿನ ವಿಷಯ ಇಡುತ್ತಿದ್ದರು. ಮಳೆಗಾಲದಲ್ಲಿ ತೋಡು (ಹಳ್ಳ) ದಾಟಲು ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ ಬೇಕು ಎಂಬುದು ಆ ಬೇಡಿಕೆಗಳಲ್ಲಿ ಒಂದು. ಜೂನ್ ತಿಂಗಳಲ್ಲಿ ಇಲ್ಲಿನ ತೋಡುಗಳನ್ನು ನೋಡಿದವರಿಗೆ ಅದು ಎಂತಹ ಬೇಡಿಕೆಯೆಂದು ಗೊತ್ತಾಗುತ್ತದೆ.

ಕೊನೆಯದಾಗಿ, ನಿಮ್ಮಲ್ಲಿ ಶಿಸ್ತು ಮಂತ್ರಿ ಇದ್ದರೆ ದಯವಿಟ್ಟು ಆ ಖಾತೆ ತೆಗೆದುಹಾಕಿ. ಮಾತಾಡಿದವರ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆಯುವ ಹುಡುಗನನ್ನು ಯಾವ ಮಗುವೂ ತನ್ನ ಪ್ರತಿನಿಧಿ ಎಂದು ನಂಬುವುದಿಲ್ಲ. ಸ್ವಚ್ಛತಾ ಮಂತ್ರಿಯ ಕೈಗೆ ಪೊರಕೆ ಕೊಟ್ಟು ಸುಮ್ಮನಾಗುವುದೂ ಅಷ್ಟೇ ಕೆಟ್ಟದ್ದು.

ಉತ್ತರ: ಎಸ್‌ಡಿಎಂಸಿ ಸದಸ್ಯ, ಹರಿಹರ

ಮೇಡಂ ಹೇಳಿದ ಬಲಪುಟದ ಕ್ರಮ ಬಹಳ ಹಿಡಿಸಿತು, ನಮ್ಮಲ್ಲೂ ತರುತ್ತೇವೆ. ಪೋಷಕನಾಗಿ ಒಂದು ಸೂಕ್ಷ್ಮ ಹೇಳುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 2010ರ ಕೇಂದ್ರದ ಮಾದರಿ ನಿಯಮಗಳು ಉಳಿದ ಕಾಲು ಪಾಲಿನ ಮೂರನೆಯ ಒಂದು ಭಾಗವನ್ನು ಸ್ಥಳೀಯ ಶಿಕ್ಷಣ ತಜ್ಞರಿಗೆ ಅಥವಾ ಶಾಲೆಯ ಮಕ್ಕಳಿಗೆ ಬಿಟ್ಟಿವೆ. ಅಂದರೆ ಮಕ್ಕಳು ನಮ್ಮ ಜೊತೆ ಕೂರುವುದು ವಿಚಿತ್ರವೇನೂ ಅಲ್ಲ. ಆದರೆ ಹಳ್ಳಿಯಲ್ಲಿ ಸಮಿತಿಯ ಸದಸ್ಯನ ಗದ್ದೆಯಲ್ಲೇ ಆ ಮಗುವಿನ ಅಪ್ಪ ಕೂಲಿ ಮಾಡುತ್ತಿರುತ್ತಾನೆ. ಆ ಸದಸ್ಯನೆದುರು ಮಗು ಒಂಟಿಯಾಗಿ ನಿಂತು ಏನು ಮಾತಾಡೀತು?

ನಾವು ಸಭೆಯ ಮೊದಲ ವಿಷಯವಾಗಿಯೇ ಮಕ್ಕಳ ಪಟ್ಟಿ ತೆಗೆದುಕೊಳ್ಳುತ್ತೇವೆ. ಇಬ್ಬರು ಮಕ್ಕಳು ಸೇರಿ ಓದುತ್ತಾರೆ. ಸಂಸತ್ತಿನ ಹೆಸರಿನಲ್ಲಿ ಓದುವುದರಿಂದ ಯಾವ ಮಗು ಹೇಳಿತು ಎಂಬ ಪ್ರಶ್ನೆ ಏಳುವುದಿಲ್ಲ. ಓದಿ ಅವರು ತರಗತಿಗೆ ಮರಳುತ್ತಾರೆ. ಅದನ್ನು ಚರ್ಚಿಸದೆ ಬೇರೆ ವಿಷಯಕ್ಕೆ ಹೋಗುವಂತಿಲ್ಲ ಎಂದು ನಾವೇ ನಿರ್ಣಯ ಮಾಡಿಕೊಂಡಿದ್ದೇವೆ. ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯ ಬಳಿ ಕೆಸರು ನಿಂತು ಮಕ್ಕಳು ಜಾರಿ ಬೀಳುತ್ತಿದ್ದುದು ಹೀಗೇ ನಮ್ಮ ಕಿವಿಗೆ ಬಿದ್ದದ್ದು. ಎರಡು ಗಾಡಿ ಜಲ್ಲಿ ಹಾಕಿಸಿದೆವು.

ಉತ್ತರ: ಪಿಯುಸಿ ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಏಳನೆಯ ತರಗತಿಯಲ್ಲಿ ನಾನು ಆಹಾರ ಮಂತ್ರಿಯಾಗಿದ್ದೆ. ನಮ್ಮ ಸಂಸತ್ತಿನಲ್ಲಿದ್ದವರೆಲ್ಲ ಚೆನ್ನಾಗಿ ಅಂಕ ಗಳಿಸುವವರು, ಚೆನ್ನಾಗಿ ಭಾಷಣ ಮಾಡುವವರು. ಕಾಫಿ ತೋಟದ ಕೂಲಿಕಾರರ ಲೈನ್ ಮನೆಗಳಿಂದ ಬರುತ್ತಿದ್ದ ಮಕ್ಕಳಲ್ಲಿ ಒಬ್ಬರೂ ಇರಲಿಲ್ಲ. ಬೆಳಗ್ಗೆ ಏನೂ ತಿನ್ನದೆ ಬರುವವರು ಹೆಚ್ಚಾಗಿ ಅವರೇ. ಊಟದ ಗಂಟೆ ಯಾವಾಗ ಬಾರಿಸಬೇಕು ಎಂಬುದರ ಬಗ್ಗೆ ಅವರಿಗಿಂತ ಚೆನ್ನಾಗಿ ಹೇಳುವವರು ಯಾರಿದ್ದರು? ಮಿಸ್, ಪ್ರತಿ ತರಗತಿಯಿಂದ ಇಬ್ಬರು ಬರಲಿ, ಅವರಲ್ಲಿ ಒಬ್ಬರು ಹುಡುಗಿ ಇರಲಿ, ದೂರದಿಂದ ನಡೆದು ಬರುವ ಮಕ್ಕಳಿಗೆ ಒಂದು ಸ್ಥಾನ ಮೀಸಲಿಡಿ.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. ನಮ್ಮಲ್ಲೂ ಗೆದ್ದವರೆಲ್ಲ ಮುಂದಿನ ಬೆಂಚಿನವರೇ. ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಇದ್ದಾರೆ, ಅವರಿಗೆ ಸ್ಥಾನ ಕೊಡುತ್ತೇನೆ. ಎರಡು ಅನುಮಾನ ಉಳಿದಿವೆ. ಬರೆಯಲು ಬಾರದ ನಲಿಕಲಿ (ಒಂದರಿಂದ ಮೂರನೆಯ ತರಗತಿಯ) ಮಕ್ಕಳ ಮಾತು ಹೇಗೆ ತಿಳಿಯುವುದು? ಶಿಕ್ಷಕರೊಬ್ಬರು ಹೊಡೆಯುತ್ತಾರೆ ಎಂದು ಸಭೆಯಲ್ಲಿ ಯಾರಾದರೂ ಹೇಳಿಬಿಟ್ಟರೆ ಏನು ಮಾಡಲಿ?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕಿ, ಕುಂದಾಪುರ

ಚಿಕ್ಕ ಮಕ್ಕಳನ್ನು ಸಭೆಗೆ ಕರೆಯಬೇಡಿ, ಸಭೆಯೇ ಅವರ ಬಳಿಗೆ ಹೋಗಲಿ. ಸಂಭ್ರಮ ಶನಿವಾರ ಹೇಗೂ ಚೀಲವಿಲ್ಲದ ದಿನ. ದೊಡ್ಡ ತರಗತಿಯ ಇಬ್ಬರು ಮಂತ್ರಿಗಳು ನಲಿಕಲಿ ಕೋಣೆಗೆ ಹೋಗಿ, ಮಕ್ಕಳ ಕೈ ಹಿಡಿದು ಶಾಲೆಯನ್ನೆಲ್ಲ ಸುತ್ತಿಸಲಿ. ಇಷ್ಟವಾದ ಜಾಗದಲ್ಲಿ ಹೂವು ಇಡಲಿ, ಹೆದರಿಕೆಯಾಗುವ ಜಾಗದಲ್ಲಿ ಕಲ್ಲು ಇಡಲಿ. ನಮ್ಮಲ್ಲಿ ಕಲ್ಲುಗಳೆಲ್ಲ ಹೋಗಿ ಸೇರಿದ್ದು ಹಿಂಬದಿಯ ಹಾಳು ಕೋಣೆಯ ಬಾಗಿಲಿಗೆ. ಅದಕ್ಕೆ ಬೀಗ ಹಾಕಿಸಿ, ಸುತ್ತಲಿನ ಪೊದೆ ಸವರಿಸಿದೆವು.

ಎರಡನೆಯದು ಬೇರೆಯೇ ವಿಷಯ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ. ಸಂಸತ್ತು ಅದನ್ನು ವಿಚಾರಿಸುವ ಜಾಗವಲ್ಲ, ಆ ಭಾರವನ್ನು ಮಕ್ಕಳ ಮೇಲೆ ಹೊರಿಸಬಾರದು. ಯಾರಾದರೂ ಹೇಳಿದರೆ "ಹೇಳಿದ್ದು ಒಳ್ಳೆಯದಾಯಿತು" ಎಂದಷ್ಟೇ ಹೇಳಿ ಚರ್ಚೆ ಅಲ್ಲಿಗೆ ನಿಲ್ಲಿಸಿ, ಹೆಸರು ನಡಾವಳಿಯಲ್ಲಿ ಬರುವುದು ಬೇಡ. ಅದೇ ದಿನ ಆ ಮಗುವಿನೊಡನೆ ಒಬ್ಬರೇ ಕುಳಿತು ಕೇಳಿ, ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿ. ದೂರು ಪೆಟ್ಟಿಗೆಯ ಕೀಲಿ ಒಬ್ಬರ ಬಳಿ ಮಾತ್ರ ಇರಬಾರದು. ತೆರೆಯುವಾಗ ತಾಯಂದಿರಲ್ಲಿ ಒಬ್ಬರು ಜೊತೆಗಿರಲಿ. ಮಕ್ಕಳ ಸಹಾಯವಾಣಿ 1098ನ್ನು ಮಕ್ಕಳ ಕಣ್ಣಿನ ಎತ್ತರದಲ್ಲಿ, ಕಚೇರಿಯ ಬಾಗಿಲಿನಿಂದ ದೂರ, ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಆ ವಾಲಿಬಾಲಿಗೆ ಇಷ್ಟು ದಿನ ಕಾಯುವುದು ಬೇಡ. ಬೀರುವಿನ ಕೀಲಿಯನ್ನು ನಾಳೆಯೇ ಕ್ರೀಡಾ ಮಂತ್ರಿಯ ಕೈಗೆ ಕೊಟ್ಟು, ಚೆಂಡು ಕೊಟ್ಟದ್ದು ತಂದದ್ದು ಬರೆಯಲು ಒಂದು ಪುಸ್ತಕ ಮಾಡಿಕೊಡಿ. ಮುಂದಿನ ಸಭೆಯನ್ನು ಆ ಪುಸ್ತಕ ಓದುವುದರಿಂದಲೇ ಆರಂಭಿಸಿ.