ಆ ಗೆರೆ 2003ರಲ್ಲಿ ಯಾಕೆ ಇಳಿಯಿತು?

ದೊಡ್ಡಪ್ಪ: (ಫಾರ್ವರ್ಡ್) ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಏರಿದ ಗ್ರಾಫ್ ನೋಡಿ. ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಬಂದ ಮೇಲೆಯೇ ಏರಿದೆ! ಆ ಮಷೀನೇ ಕಾರಣ. ಎಲ್ಲರಿಗೂ ಕಳಿಸಿ.

ಚಿಕ್ಕಮ್ಮ: ಅಯ್ಯೋ, ನನಗೆ ನಾಳೆಗೇ ಬರೆದುಕೊಟ್ಟಿದ್ದಾರೆ. ಬೇಡ ಅಂದುಬಿಡಲಾ?

ನಾನು: ತಾಳಿ ಚಿಕ್ಕಮ್ಮ, ಹಾಗೆ ಮಾಡಬೇಡಿ. ದೊಡ್ಡಪ್ಪ, ಗೆರೆ ಏರಿದ್ದು ನಿಜ. 1980ರ ದಶಕದಲ್ಲಿ ಅಲ್ಲಿ ಮ್ಯಾಮೋಗ್ರಾಮ್ ಮಾಡಿಸುವವರು ಜಾಸ್ತಿಯಾದರು. ಕೈಗೆ ಸಿಗದಷ್ಟು ಸಣ್ಣ ಗಂಟೂ ಕಾಣತೊಡಗಿತು. ಹುಡುಕಿದಷ್ಟೂ ಸಿಗುತ್ತದೆ, ಅಲ್ವಾ?

ದೊಡ್ಡಪ್ಪ: ಎಕ್ಸ್‌ರೇ ತಾನೇ ಅದೂ? ವಿಕಿರಣ ಇಲ್ಲವೇ? ಸುಮ್ನೆ ಬರೆಯುತ್ತಾರಾ?

ನಾನು: ಇದೆ, ತುಂಬಾ ಕಡಿಮೆ. ಅದೇ ಗ್ರಾಫ್‌ನಲ್ಲಿ 2003ರ ಹತ್ತಿರ ದೊಡ್ಡದು ಮಾಡಿ ನೋಡಿ. ಒಂದೇ ವರ್ಷಕ್ಕೆ ಸುಮಾರು 7% ಇಳಿದಿದೆ. ಆ ವರ್ಷ ಮಷೀನುಗಳನ್ನೇನೂ ಮುಚ್ಚಿಟ್ಟಿರಲಿಲ್ಲ.

ಅಣ್ಣ: ಮತ್ತೇನಾಯಿತು?

ನಾನು: ಮುಟ್ಟು ನಿಂತ ಮೇಲೆ ಅಲ್ಲಿ ಲಕ್ಷಾಂತರ ಹೆಂಗಸರು ಹಾರ್ಮೋನ್ ಮಾತ್ರೆ ನುಂಗುತ್ತಿದ್ದರು. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ಅಧ್ಯಯನದಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನ್ ಇರುವ ಮಾತ್ರೆಯನ್ನು ಪರೀಕ್ಷಿಸುತ್ತಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತು. 2002ರ ಜುಲೈನಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಸುದ್ದಿ ಕೇಳಿ ಬಹಳ ಜನ ಮಾತ್ರೆ ಬಿಟ್ಟರು.

ಅಣ್ಣ: ಕ್ಯಾನ್ಸರ್ ಬೆಳೆಯಲು ವರ್ಷಗಟ್ಟಲೆ ಬೇಕು. ಮಾತ್ರೆ ಬಿಟ್ಟ ಕೂಡಲೇ ಇಳಿಯುವುದು ಹೇಗೆ?

ನಾನು: ನನಗೂ ಇದೇ ತಲೆ ತಿಂದಿತ್ತು ಅಣ್ಣ. ಒಳಗೆ ಆಗಲೇ ಇದ್ದ ಸಣ್ಣ ಗಂಟಿಗೆ ಹಾರ್ಮೋನೇ ಗೊಬ್ಬರ. ಗೊಬ್ಬರ ನಿಂತಾಗ ಬೆಳವಣಿಗೆ ಕುಂಠಿತವಾಯಿತು ಅನ್ನುವುದು ತಜ್ಞರ ಅಂದಾಜು. ಇಳಿಕೆ ಎದ್ದು ಕಂಡದ್ದೂ 50 ದಾಟಿದವರಲ್ಲಿ, ಅದರಲ್ಲೂ ಈಸ್ಟ್ರೋಜೆನ್ ಬಲದಿಂದ ಬೆಳೆಯುವ ಗಂಟುಗಳಲ್ಲಿ.

ದೊಡ್ಡಪ್ಪ: ಈಚೆಗೆ ಮತ್ತೆ ಏರುತ್ತಿದೆಯಲ್ಲಮ್ಮ?

ನಾನು: ಹೌದು, ನಿಧಾನವಾಗಿ. ಮಕ್ಕಳು ಕಡಿಮೆ, ಮೊದಲ ಹೆರಿಗೆ ತಡ, ಮೈತೂಕ, ಮದ್ಯ, ಎಲ್ಲದರ ಪಾಲೂ ಇದೆ. ಆದರೆ ಅಲ್ಲಿ ಸಾವಿನ ದರ 1989ರಿಂದ 40%ಗಿಂತ ಜಾಸ್ತಿ ಇಳಿದಿದೆ. ಬೇಗ ಪತ್ತೆಯಾಗುತ್ತಿದೆ, ಚಿಕಿತ್ಸೆಯೂ ಸುಧಾರಿಸಿದೆ. ಆ ಗೆರೆಯನ್ನು ಫಾರ್ವರ್ಡ್‌ನಲ್ಲಿ ಯಾಕೆ ಹಾಕಿಲ್ಲ ದೊಡ್ಡಪ್ಪ?

ಚಿಕ್ಕಮ್ಮ: ಯಾರಿಗೂ ಹೇಳಿರಲಿಲ್ಲ. ಸ್ನಾನ ಮಾಡುವಾಗ ಎಡಗಡೆ ಅಂಗಿ ಗುಂಡಿಯಷ್ಟು ಗಟ್ಟಿ ಸಿಕ್ಕಿತು. ಮೂರು ವಾರವಾಯಿತು. ಅದಕ್ಕೇ ಬರೆದುಕೊಟ್ಟದ್ದು.

(ದೊಡ್ಡಪ್ಪ ಒಂದು ಸಂದೇಶ ಅಳಿಸಿದ್ದಾರೆ)

ದೊಡ್ಡಪ್ಪ: ನಾಳೆ ಎಷ್ಟು ಗಂಟೆಗಮ್ಮ? ನಾನೂ ಬರುತ್ತೇನೆ.

ಚಿಕ್ಕಮ್ಮ: ಹತ್ತೂವರೆಗೆ.